ಗ್ಲ್ಯೂವೈನ್ ಕುದಿಸಿದರೆ ಅದರ ಮದ್ಯಸಾರ ಹೋಗಿಬಿಡುತ್ತದೆಯೇ?

ಓದುಗರ ಪ್ರಶ್ನೆ: ಜರ್ಮನಿಗೆ ಬಂದ ಮೇಲೆ ಇದು ನಮ್ಮ ಮೊದಲ ಚಳಿಗಾಲ. ಮನೆಯಲ್ಲಿಯೇ ಗ್ಲ್ಯೂವೈನ್ (ಮಸಾಲೆ ಹಾಕಿ ಕಾಯಿಸಿದ ವೈನ್) ಮಾಡಬೇಕೆಂದಿದ್ದೇವೆ. ಚೆನ್ನಾಗಿ ಕುದಿಸಿದರೆ ಮದ್ಯಸಾರವೆಲ್ಲ ಆವಿಯಾಗಿ ಹೋಗುತ್ತದಂತೆ. ಹಾಗಾದರೆ ಮಕ್ಕಳಿಗೂ ಒಂದಿಷ್ಟು ಕೊಡಬಹುದಲ್ಲವೇ? ಎಷ್ಟು ಹೊತ್ತು ಕುದಿಸಬೇಕು?

ಉತ್ತರ: ಮಕ್ಕಳಿಗೆ ಕೊಡಬಾರದು, ವೈನನ್ನು ಕುದಿಸಲೂಬಾರದು. ನವೆಂಬರ್ ಕೊನೆಯಲ್ಲಿ ಕ್ರಿಸ್‌ಮಸ್ ಸಂತೆಗಳು ಆರಂಭವಾದೊಡನೆ ಈ ಪ್ರಶ್ನೆಯೂ ಬರತೊಡಗುತ್ತದೆ. ಪ್ರತಿ ವರ್ಷ ಉತ್ತರಿಸಿದ್ದೇನೆ, ಮರುವರ್ಷ ಅದೇ ನಂಬಿಕೆ ಅಷ್ಟೇ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಮಕ್ಕಳ ವಿಷಯವಾದ್ದರಿಂದ ಬೇಸರವನ್ನು ಬದಿಗಿಟ್ಟು, ಕಾರಣವನ್ನು ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಈ ನಂಬಿಕೆ ಹುಟ್ಟಿದ್ದು ಶಾಲೆಯಲ್ಲಿ ಕಲಿತ ಒಂದು ಸಂಖ್ಯೆಯಿಂದ. ಶುದ್ಧ ಮದ್ಯಸಾರ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100 ಡಿಗ್ರಿಯಲ್ಲಿ. ಆದ್ದರಿಂದ ಪಾತ್ರೆಯ ಬಿಸಿ 78 ದಾಟಿದರೆ ಮದ್ಯಸಾರ ಮೊದಲು ಎದ್ದುಹೋಗಿ, ನೀರು, ಬಣ್ಣ, ರುಚಿ ಮಾತ್ರ ಹಿಂದೆ ಉಳಿಯುತ್ತವೆ ಎಂದು ನಾವು ಲೆಕ್ಕ ಹಾಕಿಬಿಡುತ್ತೇವೆ. ಈ ಲೆಕ್ಕ ಎರಡು ಕಡೆ ತಪ್ಪಿದೆ. ಕುದಿಬಿಂದು ಎನ್ನುವುದು ಕುದಿ ಆರಂಭವಾಗುವ ಹಂತವೇ ಹೊರತು ಮುಗಿಯುವ ಹಂತವಲ್ಲ. ಅನ್ನಕ್ಕಿಟ್ಟ ಎಸರು ಮರಳತೊಡಗಿದ ಕ್ಷಣಕ್ಕೇ ಪಾತ್ರೆ ಬರಿದಾಗುತ್ತದೆಯೇ? ಅಕ್ಕಿ ತೊಳೆದು ಹಾಕಿ, ಅದು ಬೆಂದು ಅರಳುವವರೆಗೂ ನೀರು ಇದ್ದೇ ಇರುತ್ತದೆ. ನೀರಿಗೆ ಒಪ್ಪುವ ಈ ಮಾತನ್ನು ಮದ್ಯಸಾರಕ್ಕೆ ಒಪ್ಪಲು ಏಕೆ ಹಿಂಜರಿಯಬೇಕು?

ಎರಡನೆಯ ತಪ್ಪು ಇನ್ನೂ ದೊಡ್ಡದು. ವೈನಿನಲ್ಲಿ ನೀರೂ ಮದ್ಯಸಾರವೂ ಎಣ್ಣೆ-ನೀರಿನಂತೆ ಬೇರೆಬೇರೆಯಾಗಿ ನಿಂತಿಲ್ಲ. ಅವು ಪೂರ್ತಿ ಬೆರೆತಿವೆ. ಶೇಕಡಾ 12ರಷ್ಟು ಮದ್ಯಸಾರವಿರುವ ವೈನ್ 78 ಡಿಗ್ರಿಯಲ್ಲಿ ಕುದಿಯುವುದೇ ಇಲ್ಲ, 90 ದಾಟಿದ ಮೇಲಷ್ಟೇ ಕುದಿಯುತ್ತದೆ. ಆಗ ಏಳುವ ಆವಿಯಲ್ಲಿಯೂ ನೀರು ಮತ್ತು ಮದ್ಯಸಾರ ಎರಡೂ ಇರುತ್ತವೆ. ಇದಕ್ಕೆ ಫ್ರಾನ್ಸಿನ ಕೊನ್ಯಾಕ್ ಬ್ರಾಂಡಿಯ ಭಟ್ಟಿಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅಲ್ಲಿ ವೈನನ್ನು ಮೊದಲ ಸಲ ಬಟ್ಟಿ ಇಳಿಸಿದಾಗ ಕೈಗೆ ಬರುವ ದ್ರವದಲ್ಲಿ ಮದ್ಯಸಾರ ಶೇಕಡಾ 30ರ ಆಸುಪಾಸಿನಲ್ಲಿರುತ್ತದೆ, ಉಳಿದದ್ದು ಬಹುಪಾಲು ನೀರೇ. ಅದನ್ನು 70ರ ಹತ್ತಿರಕ್ಕೆ ಒಯ್ಯಲು ಮತ್ತೊಮ್ಮೆ ಬಟ್ಟಿ ಇಳಿಸಬೇಕು. ಬಿಸಿ ಮಾಡಿದ ಮಾತ್ರಕ್ಕೆ ಮದ್ಯಸಾರವೊಂದೇ ಎದ್ದು ಬರುವಂತಿದ್ದರೆ ಅಷ್ಟು ಸೌದೆ, ಅಷ್ಟು ಸಮಯ ಯಾರಿಗೂ ಬೇಕಾಗುತ್ತಿರಲಿಲ್ಲ.

ಅಮೆರಿಕದ ಸಂಶೋಧಕರು ಅಡುಗೆಯಲ್ಲಿ ಉಳಿಯುವ ಮದ್ಯಸಾರವನ್ನು ಅಳೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಅಳತೆಗಳಿಂದ ಸಿದ್ಧವಾದ ಪಟ್ಟಿಯ ಪ್ರಕಾರ, ಕುದಿಯುವ ದ್ರವಕ್ಕೆ ಸೇರಿಸಿ ಒಡನೆಯೇ ಒಲೆಯಿಂದ ಇಳಿಸಿದರೆ ಶೇಕಡಾ 85ರಷ್ಟು ಉಳಿಯುತ್ತದೆ. ಅಡುಗೆಯಲ್ಲಿ ಬೆರೆಸಿ 15 ನಿಮಿಷ ಬೇಯಿಸಿದರೆ ಶೇಕಡಾ 40, ಒಂದು ಗಂಟೆಗೆ ಶೇಕಡಾ 25, ಎರಡೂವರೆ ಗಂಟೆ ಬೇಯಿಸಿದ ಮೇಲೂ ಶೇಕಡಾ 5. ಮುಚ್ಚಳ ಮುಚ್ಚಿ ಹದವಾಗಿ ಕಾಯಿಸಿದ ಗ್ಲ್ಯೂವೈನಿನಲ್ಲಿ ಬಹುಪಾಲು ಉಳಿಯುತ್ತದೆಂದೇ ತಿಳಿಯಬೇಕು. ಮುಚ್ಚಳ ತೆಗೆದಾಗ ಮೂಗಿಗೆ ಚುರುಕ್ಕೆಂದು ಹತ್ತುವ ಘಾಟು ಹೊರಗೆ ಬರುತ್ತಿರುವ ಮದ್ಯಸಾರದ್ದೇ, ನಿಜ. ಆದರೆ ಅದನ್ನು ಮೂಸಿ "ಎಲ್ಲ ಹೋಯಿತು" ಎನ್ನುವುದು, ಒಗ್ಗರಣೆಯ ವಾಸನೆ ಪಡಸಾಲೆಗೆ ಬಂದಿತೆಂದು ಸಾರಿನಲ್ಲಿ ಇಂಗೇ ಉಳಿದಿಲ್ಲವೆಂದಂತೆ.

ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಗ್ಲ್ಯೂವೈನ್ ಎಂಬ ಹೆಸರಿನಲ್ಲಿ ಮಾರುವ ಪಾನೀಯದಲ್ಲಿ ಕನಿಷ್ಠ ಶೇಕಡಾ 7ರಷ್ಟು ಮದ್ಯಸಾರ ಇರಲೇಬೇಕು. ಶೇಕಡಾ 10ರ ಗ್ಲ್ಯೂವೈನ್ 200 ಮಿಲಿಲೀಟರ್ ಕುಡಿದರೆ ಸುಮಾರು 16 ಗ್ರಾಂ ಮದ್ಯಸಾರ ಹೊಟ್ಟೆಗೆ ಹೋಗುತ್ತದೆ. ಅರ್ಧ ಲೀಟರ್ ಬಿಯರ್‌ನಲ್ಲಿ ಇರುವುದು 20 ಗ್ರಾಂ. "ಕಾಯಿಸಿದ್ದಲ್ಲವೇ" ಎಂದುಕೊಂಡು ಕಾರು ಓಡಿಸಲು ಹೊರಡುವವರೂ ಇದನ್ನು ಓದಿಕೊಳ್ಳಬೇಕು. ಜರ್ಮನಿಯಲ್ಲಿ 21 ವರ್ಷದೊಳಗಿನವರು ಮತ್ತು ಹೊಸ ಪರವಾನಗಿಯ ಪರೀಕ್ಷಾ ಅವಧಿಯಲ್ಲಿರುವವರು ಒಂದು ಗುಟುಕು ಕುಡಿದೂ ವಾಹನ ಓಡಿಸುವಂತಿಲ್ಲ.

ಕುದಿಸುವುದರಿಂದ ಮದ್ಯಸಾರ ಪೂರ್ತಿ ಹೋಗುವುದಿಲ್ಲವೆಂದಾಯಿತು, ಹೋಗುವುದು ಪರಿಮಳ. ವೈನಿನ ಹಣ್ಣಿನ ವಾಸನೆ ಮೊದಲು ಹಾರಿಹೋಗುತ್ತದೆ, ಚಕ್ರಮೊಗ್ಗು ಮತ್ತು ಕಿತ್ತಳೆ ಸಿಪ್ಪೆಯ ಕಹಿ ಮುಂದೆ ಬರುತ್ತದೆ. ಕುದಿಯಬೇಕಾದ್ದು ಮಸಾಲೆ, ವೈನ್ ಅಲ್ಲ. ನಾನು ಮಾಡುವ ಕ್ರಮ ಹೀಗಿದೆ: ಎರಡು ಕಿತ್ತಳೆಯ ರಸ, ಒಂದರ ಸಿಪ್ಪೆಯ ಮೇಲ್ಪದರ (ಒಳಗಿನ ಬಿಳಿ ಭಾಗ ಬರಬಾರದು), ಮೂರು ಚಮಚ ಸಕ್ಕರೆ, ಒಂದು ಚಕ್ಕೆ, ನಾಲ್ಕು ಲವಂಗ, ಒಂದು ಚಕ್ರಮೊಗ್ಗು ಇಷ್ಟನ್ನು ಐದು ನಿಮಿಷ ಕುದಿಸಿ, ಉರಿ ತೀರ ಸಣ್ಣದು ಮಾಡಿ, 750 ಮಿಲಿಲೀಟರಿನ ಒಂದು ಬಾಟಲಿ ಸಿಹಿಯಿಲ್ಲದ ಕೆಂಪು ವೈನ್ ಸುರಿಯುತ್ತೇನೆ. ಡಾರ್ನ್‌ಫೆಲ್ಡರ್ ಎಂಬ ಜರ್ಮನ್ ಕೆಂಪು ವೈನ್ ಸಾಕು, ಓಕ್ ಪೀಪಾಯಿಯಲ್ಲಿ ಮಾಗಿಸಿದ ದುಬಾರಿ ವೈನ್ ಇದಕ್ಕೆ ದಂಡ. ಪಾತ್ರೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಕಾಣಿಸಿಕೊಂಡು, ನಡುವಿನ ಮೈ ಇನ್ನೂ ಅಲುಗದೆ ಹಬೆ ಮಾತ್ರ ಏಳುತ್ತಿರುವಾಗ ಒಲೆ ಆರಿಸಿ, ಮುಚ್ಚಳ ಮುಚ್ಚಿ, ಅರ್ಧ ಗಂಟೆ ಬಿಟ್ಟು ಸೋಸಬೇಕು. ಬಡಿಸುವ ಮುಂಚೆ ಮತ್ತೆ ಬೆಚ್ಚಗೆ ಮಾಡಿದರಾಯಿತು.

ಮಕ್ಕಳಿಗೆ ಇಲ್ಲಿನವರೇ ಕಿಂಡರ್‌ಪುನ್ಶ್ ಎಂಬ ಬೇರೆ ಪಾನೀಯ ಮಾಡುತ್ತಾರೆ. ಅದೇ ಮಸಾಲೆಯನ್ನು ಸೇಬಿನ ರಸ ಮತ್ತು ಕೆಂಪು ಹಣ್ಣಿನ ಚಹಾದಲ್ಲಿ ಕಾಯಿಸಿದರೆ ಅದು ಸಿದ್ಧ. ಆ ಚಹಾಕ್ಕೆ ಕೆಂಪು ಬಣ್ಣವನ್ನೂ ಹುಳಿಯನ್ನೂ ಕೊಡುವ ಗಿಡ ನಮ್ಮ ಪುಂಡಿಪಲ್ಯದ ಹತ್ತಿರದ ಬಂಧು.

ಚಕ್ಕೆಯ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಊರಿನಿಂದ ಪೊಟ್ಟಣ ಕಟ್ಟಿ ತರುವ, ದಪ್ಪನೆಯ, ಒಂದೇ ಸುರುಳಿಯ, ಮುರಿಯಲು ಬಲ ಬೇಕಾಗುವ ಚಕ್ಕೆ ಸಾಮಾನ್ಯವಾಗಿ ಕ್ಯಾಸಿಯಾ ಎಂಬ ಬಗೆಯದು. ಸಿಲೋನ್ ದಾಲ್ಚಿನ್ನಿ ಕಾಗದದಂತಹ ಪದರಗಳನ್ನು ಒಂದರೊಳಗೊಂದು ಸುತ್ತಿದಂತಿದ್ದು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕ್ಯಾಸಿಯಾದಲ್ಲಿರುವ ಕೂಮರಿನ್ ಎಂಬ ವಸ್ತು ಹೆಚ್ಚಾದರೆ ಕೆಲವರ ಯಕೃತ್ತಿಗೆ ಹಾನಿ ಮಾಡುತ್ತದೆ. ಸಿಲೋನಿನಲ್ಲಿ ಅದು ಅತ್ಯಲ್ಪ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2006ರಲ್ಲಿಯೇ ಕ್ರಿಸ್‌ಮಸ್ ಬಿಸ್ಕತ್ತುಗಳ ವಿಷಯದಲ್ಲಿ ಇದನ್ನು ಎಚ್ಚರಿಸಿತ್ತು. 15 ಕಿಲೋ ತೂಕದ ಮಗುವಿಗೆ ಕ್ಯಾಸಿಯಾ ಪುಡಿ ದಿನವೂ ಅರ್ಧ ಗ್ರಾಂ ಮೀರಬಾರದೆಂಬುದು ಅವರ ಲೆಕ್ಕ. ಕಡ್ಡಿಯಿಂದ ಪಾನೀಯಕ್ಕೆ ಇಳಿಯುವುದು ಪುಡಿಗಿಂತ ಕಡಿಮೆ. ಪುಡಿ ಹಾಕಿದರೆ ತಳದಲ್ಲಿ ಲೋಳೆಯೂ ಕಟ್ಟುತ್ತದೆ. ಹಾಗಾಗಿ ಲವಂಗ ಊರಿನದೇ ಇರಲಿ, ಮಕ್ಕಳ ಪಾತ್ರೆಗೆ ಮಾತ್ರ ಸಿಲೋನ್ ಎಂದು ಬರೆದ ಪೊಟ್ಟಣದಿಂದ ಒಂದು ಕಡ್ಡಿ ತೆಗೆದು ಹಾಕಿ.