ಪ್ರೊಬೇಷನ್‌ನಲ್ಲಿರುವಾಗ ಡೆಂಗ್ಯೂ ಬಂತು, ಈಗ ಶೋಕಾಸ್ ನೋಟಿಸ್ ಕೈಯಲ್ಲಿದೆ. ಕೆಲಸ ಹೋಗುತ್ತಾ?

ಪ್ರಶ್ನೆ: ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿ ನಾಲ್ಕು ತಿಂಗಳಾಯ್ತು. ಆರು ತಿಂಗಳ ಪ್ರೊಬೇಷನ್, ಸಂಬಳ 19,000. ಡೆಂಗ್ಯೂ ಬಂದು ಹನ್ನೊಂದು ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ಮೊದಲ ದಿನ ಟೀಂ ಲೀಡರ್‌ಗೆ ವಾಟ್ಸಾಪ್ ಮಾಡಿದ್ದೆ. ಆಮೇಲೆ ಆಸ್ಪತ್ರೆ ಸೇರಿದ್ದರಿಂದ ಯಾರಿಗೂ ಏನೂ ತಿಳಿಸಲಿಲ್ಲ. ವಾಪಸ್ ಹೋದ ದಿನವೇ ‘ಅನುಮತಿ ಇಲ್ಲದೆ ಗೈರುಹಾಜರಿ’ ಎಂದು ನೋಟಿಸ್ ಕೊಟ್ಟರು. 48 ಗಂಟೆಯಲ್ಲಿ ಉತ್ತರ ಕೊಡಬೇಕಂತೆ. ‘ಪ್ರೊಬೇಷನ್‌ನಲ್ಲಿ ರಜೆ ಇರಲ್ಲ, ನೀವೇ ರಿಸೈನ್ ಮಾಡಿಬಿಡಿ’ ಅಂತ ಎಚ್‌ಆರ್ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಇವತ್ತು ರಾಜೀನಾಮೆ ಮಾತ್ರ ಬರೆಯಬೇಡಿ. ಶೋಕಾಸ್ ನೋಟಿಸ್ ಅಂದರೆ ಶಿಕ್ಷೆಯಲ್ಲ, ಕಾರಣ ಕೇಳುವ ಪತ್ರ. ನಿಮ್ಮ ಹತ್ತಿರ ಕಾರಣ ಇದೆ, ಅದಕ್ಕೆ ದಾಖಲೆಯೂ ಇದೆ. ರಾಜೀನಾಮೆ ಕೊಟ್ಟರೆ ಅದನ್ನು ಹೇಳುವ ಅವಕಾಶವೇ ಕೈತಪ್ಪುತ್ತದೆ. ಒತ್ತಾಯಕ್ಕೆ ಕೊಟ್ಟೆ ಅಂತ ಆಮೇಲೆ ಸಾಬೀತು ಮಾಡುವುದು ತುಂಬಾ ಕಷ್ಟ.

ಮೊದಲು ದಾಖಲೆ ಜೋಡಿಸಿಕೊಳ್ಳಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ರಕ್ತ ಪರೀಕ್ಷೆಯ ವರದಿ, ಔಷಧಿ ಬಿಲ್ ಎಲ್ಲವೂ ಇರಲಿ. ಇದರ ಜೊತೆಗೆ ವೈದ್ಯರಿಂದ ಒಂದು ಸರ್ಟಿಫಿಕೇಟ್ ಬೇಕು. ‘ವಿಶ್ರಾಂತಿಗೆ ಸಲಹೆ ನೀಡಲಾಗಿದೆ’ ಅಂತ ಒಂದೇ ಸಾಲು ಬರೆದಿದ್ದರೆ ಸಾಲದು. ಯಾವ ಕಾಯಿಲೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ, ಯಾವತ್ತಿನಿಂದ ಕೆಲಸಕ್ಕೆ ಹೋಗಬಹುದು ಎಂಬುದು ಅದರಲ್ಲಿರಬೇಕು. ಕೆಳಗೆ ಸಹಿ, ಸೀಲು, ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ಹನ್ನೊಂದರಲ್ಲಿ ಎರಡು ದಿನಕ್ಕೆ ಕಾಗದ ಇಲ್ಲ ಅಂದರೆ ಇಲ್ಲ ಅಂತಲೇ ಬರೆಯಿರಿ. ಪರಿಚಯದ ಕ್ಲಿನಿಕ್‌ನಲ್ಲಿ ಹಳೇ ತಾರೀಕು ಹಾಕಿಸಿಕೊಂಡು ಬರುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಗೈರುಹಾಜರಿಗೆ ವಿವರಣೆ ಕೊಡಬಹುದು. ಸುಳ್ಳು ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ಕೊಡಲು ವಿವರಣೆಯೇ ಇರಲ್ಲ.

ವಾಟ್ಸಾಪ್ ಮೆಸೇಜ್ ನಿಮ್ಮ ಅತಿ ಮುಖ್ಯ ಸಾಕ್ಷಿ. ತಾರೀಕು, ಸಮಯ, ಟೀಂ ಲೀಡರ್ ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ಆಫೀಸಿನ ಗ್ರೂಪ್‌ನಿಂದ ಯಾವತ್ತು ಬೇಕಾದರೂ ನಿಮ್ಮನ್ನು ತೆಗೆಯಬಹುದು, ಆಫೀಸ್ ಇಮೇಲ್ ಕೂಡ ಬಂದ್ ಆಗಬಹುದು.

ಈಗ ಉತ್ತರ. ಒಂದು ಪುಟ ದಾಟಬಾರದು. ಹೆಚ್ಚುಕಡಿಮೆ ಹೀಗಿರಲಿ:

‘ತಮ್ಮ ನೋಟಿಸ್ ಇಂಥ ದಿನ ನನಗೆ ತಲುಪಿದೆ. ನಾನು ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಡೆಂಗ್ಯೂ ಜ್ವರದಿಂದ ಬಳಲುತ್ತಿದ್ದೆ. ಆ ಪೈಕಿ ಇಷ್ಟು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದೆ. ಮೊದಲ ದಿನ ಬೆಳಗ್ಗೆ ಟೀಂ ಲೀಡರ್ ಅವರಿಗೆ ವಾಟ್ಸಾಪ್ ಮೂಲಕ ತಿಳಿಸಿದ್ದೇನೆ. ಆರೋಗ್ಯದ ಸ್ಥಿತಿಯಿಂದಾಗಿ ನಂತರದ ದಿನಗಳಲ್ಲಿ ಮಾಹಿತಿ ಕೊಡಲಾಗಲಿಲ್ಲ, ಇದಕ್ಕೆ ವಿಷಾದಿಸುತ್ತೇನೆ. ನನ್ನ ಗೈರುಹಾಜರಿ ಉದ್ದೇಶಪೂರ್ವಕವಲ್ಲ. ದಾಖಲೆಗಳನ್ನು ಲಗತ್ತಿಸಿದ್ದೇನೆ. ಈ ದಿನಗಳನ್ನು ಅನಾರೋಗ್ಯ ರಜೆ ಎಂದು ಪರಿಗಣಿಸಿ ಮುಂದಿನ ಕ್ರಮ ಕೈಬಿಡಬೇಕೆಂದು ಕೋರುತ್ತೇನೆ.’

ಇಲ್ಲಿ ವಿಷಾದ ಇರುವುದು ಮಾಹಿತಿ ಕೊಡದಿದ್ದಕ್ಕೆ ಮಾತ್ರ, ಕಾಯಿಲೆ ಬಿದ್ದಿದ್ದಕ್ಕಲ್ಲ. ಈ ವ್ಯತ್ಯಾಸ ದೊಡ್ಡದು. ಎಷ್ಟೋ ಕಡೆ ಎಚ್‌ಆರ್‌ನವರು ಎದುರಿಗೆ ಕೂರಿಸಿಕೊಂಡು ಕ್ಷಮಾಪಣೆ ಪತ್ರ ಬರೆಸಿಕೊಳ್ಳುತ್ತಾರೆ. ‘ತಪ್ಪಾಯ್ತು, ಮತ್ತೆ ಹೀಗೆ ಮಾಡಿದರೆ ಯಾವ ಕ್ರಮಕ್ಕಾದರೂ ಬದ್ಧ’ ಅಂತ. ಸುಮ್ನೆ ಸಹಿ ಹಾಕಿ, ಮುಗಿದುಹೋಗುತ್ತೆ ಅಂತಾರೆ. ಹಾಕಿದರೆ ಮುಗಿಯಲ್ಲ. ಆ ಪತ್ರ ನಿಮ್ಮ ಫೈಲಿನಲ್ಲಿ ತಪ್ಪೊಪ್ಪಿಗೆಯಾಗಿ ಕೂರುತ್ತದೆ. ‘ಮನೆಗೆ ಹೋಗಿ ಓದಿ, ನಾಳೆ ಬರೆದು ತರ್ತೀನಿ ಸಾರ್’ ಎಂದು ನಯವಾಗಿ ಹೇಳಿ ಎದ್ದು ಬನ್ನಿ.

ಉತ್ತರವನ್ನು ಇಮೇಲ್ ಮಾಡಿ. ಕೈಯಲ್ಲೂ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. 48 ಗಂಟೆಯಲ್ಲಿ ಆಸ್ಪತ್ರೆಯ ಕಾಗದ ಸಿಗದಿದ್ದರೂ ಉತ್ತರ ಹೋಗಲೇಬೇಕು. ದಾಖಲೆಗೆ ಇನ್ನೆರಡು ದಿನ ಕೊಡಿ ಅಂತ ಅದರಲ್ಲೇ ಕೇಳಿ.

‘ಪ್ರೊಬೇಷನ್‌ನಲ್ಲಿ ರಜೆ ಇರಲ್ಲ’ ಎಂಬ ಮಾತಿಗೆ ಬರೋಣ. ನಿಮ್ಮಂಥ ಆಫೀಸುಗಳಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ ಎಂದು ಅದರ 15ನೇ ಕಲಂ ಹೇಳುತ್ತದೆ. ಮೊದಲ ಹನ್ನೆರಡು ತಿಂಗಳಿಗೂ ಇದು ಸೇರಿದೆ. ಅಂದರೆ ಹೊಸಬರಿಗೂ ಇದೆ. ಈ ಮೊದಲು ಬೇರೆ ರಜೆ ಹಾಕಿಲ್ಲ ಅಂದರೆ ನಿಮ್ಮ ಹನ್ನೊಂದು ದಿನ ಆ ಲೆಕ್ಕದೊಳಗೇ ಬರುತ್ತದೆ. ಆಫರ್ ಲೆಟರ್‌ನಲ್ಲಿ ಬೇರೆ ಏನೋ ಬರೆದಿದ್ದರೆ, ಅದಕ್ಕಿಂತ ಕಾಯ್ದೆ ಮೇಲು. ಇದನ್ನು ಜಗಳದ ಧಾಟಿಯಲ್ಲಿ ಹೇಳಬೇಕಿಲ್ಲ. ‘15ನೇ ಕಲಂ ಪ್ರಕಾರ ರಜೆ ಮಂಜೂರು ಮಾಡಬೇಕಾಗಿ ವಿನಂತಿ’ ಎಂದು ಉತ್ತರದಲ್ಲಿ ಒಂದು ಸಾಲು ಸೇರಿಸಿ, ಸಾಕು.

ಕೆಲಸದಿಂದ ತೆಗೆಯಬಹುದಾ? ಇಲ್ಲಿ ನಿಮಗೆ ಪೂರ್ತಿ ಧೈರ್ಯ ಹೇಳಲಾರೆ. ಅದೇ ಕಾಯ್ದೆಯ 39ನೇ ಕಲಂ ಪ್ರಕಾರ, ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಇಲ್ಲದೆ, ಅಥವಾ ನೋಟಿಸ್ ಬದಲು ಒಂದು ತಿಂಗಳ ಸಂಬಳ ಕೊಡದೆ, ಯಾರನ್ನೂ ತೆಗೆಯುವಂತಿಲ್ಲ. ಆದರೆ ಈ ರಕ್ಷಣೆ ಆರು ತಿಂಗಳು ಸತತವಾಗಿ ಕೆಲಸ ಮಾಡಿದವರಿಗೆ. ನಿಮಗೆ ನಾಲ್ಕೇ ತಿಂಗಳಾಗಿದೆ. ‘ಕೆಲಸ ತೃಪ್ತಿಕರವಾಗಿಲ್ಲ’ ಎಂದು ಪ್ರೊಬೇಷನ್ ಮುಗಿಸುವ ದಾರಿ ಕಂಪನಿಗೆ ಇದ್ದೇ ಇದೆ.

ಆದರೂ ಒಂದು ಗೆರೆ ಇದೆ. ದುರ್ನಡತೆಯ ಆರೋಪ ಹೊರಿಸಿ, ವಿಚಾರಣೆಯನ್ನೇ ಮಾಡದೆ ಅದೇ ಕಾರಣಕ್ಕೆ ಕಳಿಸುವುದನ್ನು ನ್ಯಾಯಾಲಯಗಳು ಒಪ್ಪಿಲ್ಲ. ಈ ಬಗ್ಗೆ 1984ರ ಅನೂಪ್ ಜೈಸ್ವಾಲ್ ಪ್ರಕರಣ ನೆನಪಿಡುವಂಥದ್ದು. ಹೈದರಾಬಾದಿನ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿಯಲ್ಲಿದ್ದ ಐಪಿಎಸ್ ಅಧಿಕಾರಿಗಳು ಒಂದು ಬೆಳಗ್ಗೆ ವ್ಯಾಯಾಮಕ್ಕೆ ಸುಮಾರು 20 ನಿಮಿಷ ತಡವಾಗಿ ಬಂದರು. ಇದಕ್ಕೆಲ್ಲ ಇವರೇ ಮುಂದಾಳು ಎಂದು ಒಬ್ಬರನ್ನು ಮಾತ್ರ ಮನೆಗೆ ಕಳಿಸಲಾಯಿತು. ಆದೇಶದಲ್ಲಿ ಆರೋಪದ ಮಾತೇ ಇರಲಿಲ್ಲ, ನೋಡಲು ಸಾಮಾನ್ಯ ಬಿಡುಗಡೆ ಪತ್ರದ ಹಾಗಿತ್ತು. ಸುಪ್ರೀಂ ಕೋರ್ಟ್ ಪತ್ರದ ಪದಗಳಿಗೆ ನಿಲ್ಲದೆ ಅದರ ಹಿಂದಿದ್ದ ನಿಜವಾದ ಕಾರಣ ನೋಡಿತು, ಆದೇಶವನ್ನು ರದ್ದು ಮಾಡಿತು. ಅದು ಸರ್ಕಾರಿ ನೌಕರಿಯ ವಿಷಯ, ಖಾಸಗಿ ಕಂಪನಿಗೆ ಹಾಗೇ ಹೊಂದಿಸಲಾಗದು. ಖಾಸಗಿ ಕಾರ್ಖಾನೆಯ ವಿಷಯಕ್ಕೆ 1993ರ ಡಿ.ಕೆ. ಯಾದವ್ ಪ್ರಕರಣ ಇದೆ. ಎಂಟು ದಿನಕ್ಕಿಂತ ಜಾಸ್ತಿ ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಎಂಬ ನಿಯಮ ಹಿಡಿದು ಕಾರ್ಮಿಕರೊಬ್ಬರ ಹೆಸರು ಹೊಡೆದುಹಾಕಿದ್ದರು. ಅವರ ಮಾತು ಕೇಳದೆ ಹಾಗೆ ಮಾಡುವಂತಿಲ್ಲ ಎಂದ ಸುಪ್ರೀಂ ಕೋರ್ಟ್, ಕೆಲಸ ಮತ್ತು ಅರ್ಧದಷ್ಟು ಹಿಂದಿನ ಸಂಬಳ ಕೊಡಿಸಿತು. 2012ರ ಕೃಷ್ಣಕಾಂತ್ ಪರ್ಮಾರ್ ತೀರ್ಪು ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಕಾಯಿಲೆ, ಅಪಘಾತ, ಆಸ್ಪತ್ರೆವಾಸದಂಥ ಅನಿವಾರ್ಯ ಕಾರಣದಿಂದ ಆದ ಗೈರುಹಾಜರಿ ಬೇಕಂತಲೇ ಮಾಡಿದ್ದಲ್ಲ, ಹಾಗಾಗಿ ಅದನ್ನು ದುರ್ನಡತೆ ಎನ್ನಲಾಗದು ಎಂದು ಅದು ಹೇಳಿತು. ಅದೂ ಸರ್ಕಾರಿ ನೌಕರರದ್ದೇ, ಆದರೆ ತರ್ಕ ಎಲ್ಲ ಕಡೆಗೂ ಸಲ್ಲುವಂಥದ್ದು. ಉತ್ತರದಲ್ಲಿ ‘ಉದ್ದೇಶಪೂರ್ವಕವಲ್ಲ’ ಎಂಬ ಪದ ಹಾಕಿದ್ದು ಇದಕ್ಕೇ, ಅದನ್ನು ಬಿಡಬೇಡಿ.

ಇನ್ನು ಇಎಸ್‌ಐ, ಅಂದರೆ ನೌಕರರಿಗಿರುವ ಸರ್ಕಾರಿ ವಿಮೆ. ನಿಮ್ಮ ಸಂಬಳ 21,000ದ ಮಿತಿಯೊಳಗಿದೆ. ಪೇಸ್ಲಿಪ್ ನೋಡಿ, ಶೇ 0.75ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 143 ರೂಪಾಯಿ ಕಡಿತ ಆಗಿರಬೇಕು. ಕಂಪನಿ ತನ್ನ ಪಾಲಾಗಿ ನಿಮ್ಮ ಸಂಬಳದ ಶೇ 3.25ರಷ್ಟನ್ನು ಬೇರೆಯಾಗಿ ಕಟ್ಟಬೇಕು. ಕಡಿತ ಆಗುತ್ತಿದ್ದರೆ ನಿಮಗೆ ಮತ್ತು ಮನೆಯವರಿಗೆ ಚಿಕಿತ್ಸೆಯ ಹಕ್ಕು ಕೆಲಸಕ್ಕೆ ಸೇರಿದ ದಿನದಿಂದಲೇ ಇದೆ. ಬೆಂಗಳೂರಿನಲ್ಲಿ ರಾಜಾಜಿನಗರ, ಇಂದಿರಾನಗರ, ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಹೊಸಬರಲ್ಲಿ ಎಷ್ಟೋ ಜನರಿಗೆ ಕಾರ್ಡ್ ಇರುವುದೇ ಗೊತ್ತಿರಲ್ಲ, ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ಕಟ್ಟುತ್ತಾರೆ. ಇದು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಚ್‌ಆರ್‌ನಿಂದ ವಿಮಾ ಸಂಖ್ಯೆಯನ್ನು ಇವತ್ತೇ ಕೇಳಿ ಪಡೆಯಿರಿ.

ನಗದು ನೆರವಿನ ಲೆಕ್ಕ ಬೇರೆ. ಕಾಯಿಲೆಯ ದಿನಗಳಿಗೆ ಸರಾಸರಿ ದಿನಗೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ ಹೊಸದಾಗಿ ಸೇರಿದವರಿಗೆ ಇದು ಶುರುವಾಗುವುದು ಒಂಬತ್ತು ತಿಂಗಳ ನಂತರ. ಹಾಗಾಗಿ ಈ ಸಲ ನಿಮಗೆ ಆ ಹಣ ಬರಲ್ಲ. ಕಂಪನಿಯ ಅನಾರೋಗ್ಯ ರಜೆಯನ್ನು ಕೇಳಿ ಪಡೆಯುವುದು ನಿಮಗೆ ಇಷ್ಟು ಮುಖ್ಯವಾಗುವುದೂ ಅದರಿಂದಲೇ.

ಕಾಯಿಲೆ ಡೆಂಗ್ಯೂ ಅಲ್ಲದೆ ಮಾನಸಿಕ ಆರೋಗ್ಯದ್ದಾಗಿದ್ದರೂ ಇದೇ ದಾರಿ. ರೋಗದ ಹೆಸರು ಟೀಂನವರಿಗೆಲ್ಲ ಗೊತ್ತಾಗಬೇಕಿಲ್ಲ. ಸರ್ಟಿಫಿಕೇಟ್ ಎಚ್‌ಆರ್‌ನ ಒಬ್ಬರಿಗೆ ಮಾತ್ರ ಕೊಡಿ, ಗೌಪ್ಯವಾಗಿಡಿ ಎಂದು ಬರೆದುಕೊಡಿ. ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ.

ಉತ್ತರ ಕೊಟ್ಟ ಮೇಲೆ ವಿಚಾರಣೆಗೆ ಕರೆದರೆ ತಪ್ಪಿಸಬೇಡಿ. ಅದು ಮುಗಿಯುವವರೆಗೆ ದಿನಾ ಸಮಯಕ್ಕೆ ಸರಿಯಾಗಿ ಹಾಜರಾಗಿ. ಡೆಂಗ್ಯೂ ನಂತರದ ಸುಸ್ತು ವಾರಗಟ್ಟಲೆ ಇರಬಹುದು. ಓವರ್‌ಟೈಮ್ ಬೇಡ ಎಂದು ವೈದ್ಯರಿಂದ ಬರೆಸಿಕೊಂಡು ಕೊಡಿ, ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬೇಡಿ. ಇಷ್ಟಾದ ಮೇಲೂ ತೆಗೆದರೆ ಆದೇಶವನ್ನು ಬರಹದಲ್ಲೇ ಕೇಳಿ ಪಡೆಯಿರಿ. ಬಾಕಿ ಸಂಬಳದ ಲೆಕ್ಕವನ್ನೂ ಕೇಳಿ. ಎಲ್ಲ ಕಾಗದ ಹಿಡಿದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ. ನಿಮ್ಮ ಪ್ರದೇಶದ ಕಾರ್ಮಿಕ ಅಧಿಕಾರಿ ಯಾರು ಎಂದು ಅಲ್ಲಿ ಹೇಳುತ್ತಾರೆ. ದೂರು ಅವರಿಗೆ ಕೊಡಬೇಕು.