ಅಗ್ರ ಶ್ರೇಯಾಂಕಕ್ಕೆ ಬೆಲೆ ಎಷ್ಟು?

2025ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅಗ್ರ ಶ್ರೇಯಾಂಕಿತ ತಂಡ ಒರೆಗಾನ್, ಓಹಾಯೊ ಸ್ಟೇಟ್‌ಗೆ 21–41ರಲ್ಲಿ ಶರಣಾಯಿತು. ಅಕ್ಟೋಬರಿನಲ್ಲಿ ಇದೇ ಎದುರಾಳಿಯನ್ನು ಅದು 32–31ರಲ್ಲಿ ಮಣಿಸಿತ್ತು. ಸೋಲು ಆಟದಲ್ಲಿ ಇದ್ದದ್ದೇ. ಆದರೆ ಅಷ್ಟು ಗಟ್ಟಿ ತಂಡ ಅಗ್ರ ಶ್ರೇಯಾಂಕಿತರ ಮೊದಲ ಪ್ಲೇಆಫ್ ಪಂದ್ಯಕ್ಕೇ ಎದುರಾದದ್ದು ನಿಯಮಾವಳಿಯ ಕೃಪೆ.

ಅದು 12 ತಂಡಗಳ ಪ್ಲೇಆಫ್‌ನ ಮೊದಲ ವರ್ಷ. ಅದಕ್ಕೂ ಮೊದಲು, 2014ರಿಂದ, ಆಡುತ್ತಿದ್ದದ್ದು ನಾಲ್ಕೇ ತಂಡಗಳು. ಹೊಸ ನಿಯಮದಂತೆ ಮೊದಲ ನಾಲ್ಕು ಶ್ರೇಯಾಂಕಗಳೂ, ಜೊತೆಗೆ ಬೈ ಮೂಲಕ ನೇರ ಕ್ವಾರ್ಟರ್‌ಫೈನಲ್ ಪ್ರವೇಶವೂ ಕಾನ್ಫರೆನ್ಸ್ ಚಾಂಪಿಯನ್ನರಿಗೆ ಮಾತ್ರ ಮೀಸಲಾಗಿದ್ದವು. (ಕಾನ್ಫರೆನ್ಸ್ ಎಂದರೆ ತಮ್ಮೊಳಗೇ ಹೆಚ್ಚಾಗಿ ಆಡುವ ಕಾಲೇಜುಗಳ ಗುಂಪು; ಬೈ ಎಂದರೆ ಮೊದಲ ಸುತ್ತು ಆಡದಿರುವ ವಿನಾಯಿತಿ.) ಹೀಗಾಗಿ ಆಯ್ಕೆ ಸಮಿತಿಯ ರ‍್ಯಾಂಕಿಂಗ್‌ನಲ್ಲಿ 9ನೆಯದಾಗಿದ್ದ ಬಾಯ್ಸಿ ಸ್ಟೇಟ್‌ಗೆ ಮೂರನೇ ಶ್ರೇಯಾಂಕ, 12ನೆಯದಾಗಿದ್ದ ಅರಿಜೋನಾ ಸ್ಟೇಟ್‌ಗೆ ನಾಲ್ಕನೆಯದು ಸಿಕ್ಕಿತು. ರ‍್ಯಾಂಕಿಂಗ್‌ನ 3ನೇ ತಂಡ ಟೆಕ್ಸಸ್ ಐದನೇ ಶ್ರೇಯಾಂಕಕ್ಕೂ, 6ನೆಯ ಓಹಾಯೊ ಸ್ಟೇಟ್ ಎಂಟಕ್ಕೂ ಇಳಿದವು. ಟೆಕ್ಸಸ್‌ಗೆ ಇದರಿಂದ ಲಾಭವೇ ಆಯಿತು: ಮೊದಲು 16ನೇ ರ‍್ಯಾಂಕಿನ ಕ್ಲೆಮ್ಸನ್, ಆಮೇಲೆ ಅರಿಜೋನಾ ಸ್ಟೇಟ್. ರ‍್ಯಾಂಕಿಂಗನ್ನೇ ನೇರವಾಗಿ ಶ್ರೇಯಾಂಕ ಮಾಡಿದ್ದರೆ ಒರೆಗಾನ್‌ಗೆ ಇಂಡಿಯಾನಾ ಇಲ್ಲವೇ ಬಾಯ್ಸಿ ಸ್ಟೇಟ್ ಎದುರಾಗುತ್ತಿತ್ತು. ಒಂದನೇ ಸ್ಥಾನಕ್ಕಿಂತ ಐದನೇ ಸ್ಥಾನವೇ ಹಿತವೆನಿಸಿದರೆ ಆ ಪಂದ್ಯಜೋಡಣೆ ಕೆಟ್ಟಿದೆ ಎಂದೇ ಅರ್ಥ.

ಮರುವರ್ಷ ಆ ಮೀಸಲು ರದ್ದಾಯಿತು. ಆದರೂ ಬೈ ಪಡೆದವರ ಗ್ರಹಚಾರ ಬಿಡಲಿಲ್ಲ. 2024ರ ಋತುವಿನಲ್ಲಿ ನಾಲ್ಕಕ್ಕೆ ನಾಲ್ಕೂ ಕ್ವಾರ್ಟರ್‌ಫೈನಲ್‌ನಲ್ಲೇ ಮುಗ್ಗರಿಸಿದ್ದವು. 2025ರಲ್ಲಿ ಗೆದ್ದದ್ದು ಇಂಡಿಯಾನಾ ಒಂದೇ. ಅದು ಅಲಬಾಮಾವನ್ನು 38–3ರಲ್ಲಿ ಬಗ್ಗುಬಡಿದು ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. ಎಂಟು ಪಂದ್ಯಗಳಿಂದ ಬೈ ಶಾಪವೆಂದು ತೀರ್ಮಾನಿಸುವುದು ಅವಸರವಾದೀತು. ಅವುಗಳಲ್ಲಿ ಎರಡು ತಂಡಗಳಂತೂ ನಿಜಕ್ಕೂ ಮೊದಲ ನಾಲ್ಕರಲ್ಲಿ ಇರಲೇ ಇಲ್ಲ. ಆದರೆ ಬೈ ಜೊತೆಗೆ ಮೂರು ವಾರ ದಾಟುವ ಬಿಡುವೂ ಬರುತ್ತದೆ, ತವರಿನ ಪಂದ್ಯವೂ ತಪ್ಪುತ್ತದೆ. ಮೊದಲ ಸುತ್ತನ್ನು 5ರಿಂದ 8ನೇ ಶ್ರೇಯಾಂಕದವರು ತಮ್ಮದೇ ಕ್ಯಾಂಪಸ್‌ನಲ್ಲಿ ಆಡಿದರೆ, ಮೊದಲ ನಾಲ್ವರು ತಟಸ್ಥ ಮೈದಾನದಲ್ಲೇ ಶುರು ಮಾಡಬೇಕು.

ಬೈ ಬೆಲೆಯನ್ನು ಲೆಕ್ಕ ಹಾಕಬಹುದು. ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ಶೇ 70 ಇರುವ ತಂಡವೊಂದನ್ನು ಊಹಿಸಿಕೊಳ್ಳಿ. ನಾಲ್ಕು ಪಂದ್ಯ ಗೆಲ್ಲಬೇಕಾದರೆ ಅದಕ್ಕೆ ಪ್ರಶಸ್ತಿಯ ಸಾಧ್ಯತೆ ಶೇ 24. ಬೈ ಸಿಕ್ಕಿ ಮೂರೇ ಸಾಕಾದರೆ ಶೇ 34. ಕ್ವಾರ್ಟರ್‌ಫೈನಲ್ ತವರಿನಲ್ಲೇ ನಡೆದು ಆ ಒಂದು ಪಂದ್ಯದ ಸಾಧ್ಯತೆ 75ಕ್ಕೆ ಏರಿದರೆ ಒಟ್ಟು ಸುಮಾರು ಶೇ 37. ಏರಿಕೆ ಚಿಕ್ಕದು, ಆದರೆ ತಂಡಗಳ ಸಂಖ್ಯೆ ಬದಲಿಸದೆ ಸಿಗುವಂಥದ್ದು. ಅಡ್ಡಿ ಬರುವುದು ಬೌಲ್ ಸಂಸ್ಥೆಗಳು, ಅಂದರೆ ಋತುವಿನ ಕೊನೆಯ ಸಾಂಪ್ರದಾಯಿಕ ಪಂದ್ಯಗಳನ್ನು ತಟಸ್ಥ ಮೈದಾನಗಳಲ್ಲಿ ನಡೆಸುವವರು. ಕ್ವಾರ್ಟರ್‌ಫೈನಲ್ ಕ್ಯಾಂಪಸ್‌ಗೆ ಹೋದರೆ ರೋಸ್, ಶುಗರ್‌ಗಳಂಥ ಹಳೆಯ ಬೌಲ್‌ಗಳಿಗೆ ಉಳಿಯುವುದೇನು?

ಪ್ರತಿ ಸುತ್ತಿನ ಬಳಿಕ ಉಳಿದವರಲ್ಲಿ ಮೇಲಿನವರಿಗೆ ಕೆಳಗಿನವರನ್ನು ಹೊಸದಾಗಿ ಜೋಡಿಸುವುದು ಇನ್ನೊಂದು ದಾರಿ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇದೇ ಪದ್ಧತಿ. ತತ್ತ್ವತಃ ಇದು ನ್ಯಾಯವೇ. ಆದರೆ 2025ರಲ್ಲಿ ಹೀಗೆ ಮಾಡಿದ್ದರೆ ಇಂಡಿಯಾನಾಕ್ಕೆ ಕ್ವಾರ್ಟರ್‌ಫೈನಲ್‌ನಲ್ಲೇ ಮಯಾಮಿ ಸಿಗುತ್ತಿತ್ತು: ಹತ್ತನೇ ಶ್ರೇಯಾಂಕದಿಂದ ಫೈನಲ್‌ಗೆ ಬಂದ ತಂಡ! ಜೊತೆಗೆ ಎಲ್ಲಿಗೆ ಹೋಗಬೇಕೆಂಬುದು ಅಭಿಮಾನಿಗಳಿಗೆ ಹತ್ತು ದಿನ ಮೊದಲಷ್ಟೇ ಗೊತ್ತಾಗುತ್ತದೆ.

ಪ್ಲೇಆಫ್ ಅನ್ನು 16 ತಂಡಗಳಿಗೆ ಹಿಗ್ಗಿಸಿ ಎಲ್ಲರನ್ನೂ ಮೊದಲ ಸುತ್ತಿನಿಂದಲೇ ಆಡಿಸಿದರೆ ಬೈ ಇರುವುದಿಲ್ಲ. ಅಗ್ರ ತಂಡ ತವರಿನಲ್ಲಿ 16ನೆಯದರ ಎದುರು ಶೇ 90 ಗೆಲ್ಲುವಂತಿದ್ದರೆ ಅದರ ಪ್ರಶಸ್ತಿ ಸಾಧ್ಯತೆ 34ರಿಂದ 31ಕ್ಕೆ ಇಳಿಯುತ್ತದೆ, ಅಷ್ಟೇ. ಬಿಡುವೂ ಮೊಟಕಾಗುತ್ತದೆ. ನಿಜವಾದ ದಂಡ ಬೀಳುವುದು ಆಟಗಾರರ ಮೈಮೇಲೆ: 12 ಲೀಗ್ ಪಂದ್ಯ, ಒಂದು ಕಾನ್ಫರೆನ್ಸ್ ಫೈನಲ್, ನಾಲ್ಕು ಪ್ಲೇಆಫ್ ಸೇರಿ 17. ಎನ್‌ಎಫ್‌ಎಲ್‌ನ ಇಡೀ ಲೀಗ್ ಹಂತವೇ ಅಷ್ಟು. ಐಪಿಎಲ್‌ನಂತೆ ಮೊದಲಿಬ್ಬರಿಗೆ ಎರಡನೇ ಅವಕಾಶ ಕೊಡೋಣವೆಂದರೆ, ಪ್ರತಿ ಪಂದ್ಯದ ನಂತರ ಮೈ ಸುಧಾರಿಸಲು ವಾರ ಬೇಕಾದ ಆಟವಿದು.

ಪ್ಲೇಆಫ್ ತಂಡಗಳ ಸಂಖ್ಯೆ ಹೆಚ್ಚಿದಷ್ಟೂ ಆಯ್ಕೆಯ ಜಗಳ ತಗ್ಗುತ್ತದೆಂಬ ಭರವಸೆ ನನಗಿಲ್ಲ. ಇಡೀ ಕಣದಲ್ಲಿ 134 ತಂಡಗಳಿದ್ದರೆ ಸಾಧ್ಯ ಜೋಡಿಗಳು 8,911. ತಲಾ 12ರಂತೆ ಹೆಚ್ಚೆಂದರೆ 804 ಪಂದ್ಯ. ಅಂದರೆ ಸರಾಸರಿ ಹನ್ನೊಂದು ಜೋಡಿಗಳಲ್ಲಿ ಒಂದಷ್ಟೇ ಮುಖಾಮುಖಿಯಾಗುತ್ತದೆ, ಉಳಿದದ್ದು 13 ಸದಸ್ಯರ ಸಮಿತಿಯ ಅಂದಾಜು. 2023ರಲ್ಲಿ 13–0 ದಾಖಲೆಯ ಫ್ಲೋರಿಡಾ ಸ್ಟೇಟ್ ಹೊರಗುಳಿದದ್ದು ಅದರ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸುವ ಆಟಗಾರ) ಗಾಯಗೊಂಡಿದ್ದರಿಂದ. ಗೆದ್ದವರಿಗೆ ಸ್ಥಾನವೋ, ಮುಂದೆ ಗೆಲ್ಲಬಲ್ಲವರಿಗೋ ಎಂಬುದನ್ನು ಬರೆದಿಡದಿದ್ದರೆ ಜಗಳ ನಾಲ್ಕನೇ ಸ್ಥಾನದಿಂದ ಹದಿನಾರಕ್ಕೆ ಸರಿಯುತ್ತದೆ.

ಇಷ್ಟೆಲ್ಲ ಒಪ್ಪಿದರೂ ಕ್ಯಾಲೆಂಡರ್ ಬಗ್ಗಬೇಕು. 1961ರ ಪ್ರಸಾರ ಕಾಯ್ದೆಯಿಂದಾಗಿ ಎನ್‌ಎಫ್‌ಎಲ್ ಡಿಸೆಂಬರ್ ಎರಡನೇ ಶನಿವಾರದವರೆಗೆ ಕಾಲೇಜು ಪಂದ್ಯಗಳ ಶನಿವಾರಗಳಿಗೆ ಕೈಹಾಕುವುದಿಲ್ಲ, ಆಮೇಲೆ ಬಿಡುವುದಿಲ್ಲ. 2024ರ ಡಿಸೆಂಬರ್ 21ರಂದು ಕಾಲೇಜು ಪ್ಲೇಆಫ್‌ನ ಎರಡು ಪಂದ್ಯಗಳು ಎನ್‌ಎಫ್‌ಎಲ್ ಜೊತೆ ಒಂದೇ ಹೊತ್ತಿಗೆ ನಡೆದವು. ಮೊದಲ ಸುತ್ತನ್ನು, ಅದರ ಬೆನ್ನಿಗೆ ಕ್ವಾರ್ಟರ್‌ಫೈನಲನ್ನೂ, ಒಂದು ವಾರ ಮುಂಚೆ ನಡೆಸಿದರೆ ಬೈ ಬಿಡುವಿನ ಸಮಸ್ಯೆಯೂ ಸಡಿಲಾದೀತು. ಆದರೆ ಆ ಎರಡನೇ ಶನಿವಾರ ಹಲವು ವರ್ಷಗಳಿಂದ ಆರ್ಮಿ–ನೇವಿ ಪಂದ್ಯದ, ಅಂದರೆ ಸೇನಾ ಮತ್ತು ನೌಕಾ ಅಕಾಡೆಮಿಗಳ ಸಾಂಪ್ರದಾಯಿಕ ಹಣಾಹಣಿಯ, ದಿನ.