‘ಬೀಳಿದ್ನಿ’ ಎನ್ನುವ ಮಗುವನ್ನು ತಿದ್ದುವ ಮೊದಲು

ಮೂರು ವರ್ಷದ ಮಗುವನ್ನು ಕರೆದುಕೊಂಡು ಬಾಗಲಕೋಟೆಯ ನಮ್ಮ ವಾಕ್ ಚಿಕಿತ್ಸಾ ಕೇಂದ್ರಕ್ಕೆ ಬರುವ ಅನೇಕ ಪಾಲಕರ ಆತಂಕ ಒಂದೇ ಬಗೆಯದು. ಎರಡು ವರ್ಷಕ್ಕೆ ‘ಬಿದ್ನಿ’, ‘ಕೊಟ್ನಿ’ ಎಂದು ಸರಿಯಾಗಿ ಹೇಳುತ್ತಿದ್ದ ಕೂಸು ಈಗ ‘ಬೀಳಿದ್ನಿ’, ‘ಕೊಡಿದ್ನಿ’ ಎನ್ನುತ್ತಿದೆ. ಕಲಿತ ಮಾತು ಮರೆಯಿತೇ ಎಂದು ಕೇಳುತ್ತಾರೆ. ಮರೆತಿಲ್ಲ. ಮಗು ಮುಂದಕ್ಕೇ ಹೋಗಿದೆ.

ಎರಡರ ವಯಸ್ಸಿನಲ್ಲಿ ಅದು ‘ಬಿದ್ನಿ’ ಎಂಬುದನ್ನು ಕೇಳಿದಂತೆಯೇ ಇಡಿಯಾಗಿ ನೆನಪಿಟ್ಟು ಹೇಳುತ್ತಿರುತ್ತದೆ. ಮುಂದೆ ‘ಆಡಿದ್ನಿ’, ‘ಓಡಿದ್ನಿ’, ‘ನೋಡಿದ್ನಿ’ ಎಂಬ ಮಾತುಗಳು ಮತ್ತೆ ಮತ್ತೆ ಕಿವಿಗೆ ಬಿದ್ದು, ಆಗಿಹೋದ ಕೆಲಸವನ್ನು ಹೇಳಲು ‘ಇದ್ನಿ’ ಸೇರಿಸಿದರಾಯಿತು ಎಂಬ ನಿಯಮವನ್ನು ಯಾರೂ ಕಲಿಸದೆ ತಾನೇ ಕಂಡುಕೊಳ್ಳುತ್ತದೆ. ಆ ನಿಯಮಕ್ಕೆ ಒಗ್ಗದ ‘ಬೀಳು’, ‘ಕೊಡು’, ‘ತಿನ್ನು’ಗಳಿಗೂ ಅದನ್ನೇ ಹಚ್ಚುತ್ತದೆ. ‘ಬೀಳಿದ್ನಿ’ ಎಂದು ಮನೆಯ ಹಿರಿಯರು ಹೇಳುವುದಿಲ್ಲವಾದ್ದರಿಂದ ಅದು ಕೇಳಿ ಕಲಿತ ತಪ್ಪಲ್ಲ, ಮಗು ತಾನೇ ಕಟ್ಟಿದ ರೂಪ. 1958ರಲ್ಲಿ ಅಮೆರಿಕದ ಭಾಷಾ ಸಂಶೋಧಕಿ ಜೀನ್ ಬರ್ಕೊ ಅವರು ಇಂಗ್ಲಿಷ್ ಮಾತಾಡುವ ಪುಟ್ಟ ಮಕ್ಕಳಿಗೆ ಅರ್ಥವಿಲ್ಲದ ಹೊಸ ಹೆಸರೊಂದನ್ನು ಕೊಟ್ಟು ನೋಡಿದಾಗ, ಹಿಂದೆಂದೂ ಕೇಳಿರದ ಆ ಹೆಸರಿಗೂ ಮಕ್ಕಳು ಬಹುವಚನದ ಪ್ರತ್ಯಯ ಸೇರಿಸಿ ಹೇಳಿದ್ದರು.

ನನಗೆ ಬೇಸರ ತರುವುದು ಮಗುವನ್ನು ಅಲ್ಲೇ ತಡೆದು ನಿಲ್ಲಿಸಿ, ಬಂದವರ ಎದುರಿಗೆ ‘ಸರಿಯಾಗಿ ಹೇಳು’ ಎಂದು ಒತ್ತಾಯಿಸುವ ರೂಢಿ. ಮುಧೋಳದ ಕಡೆಯ ತಂದೆಯೊಬ್ಬರು ನನ್ನೆದುರೇ ಮಗಳಿಗೆ ‘ತಿಂದ್ನಿ ಅನ್ನು’ ಎಂದು ಹೇಳಿಕೊಡುತ್ತಿದ್ದರು. ಆಕೆ ಅಪ್ಪನ ಮುಖವನ್ನೇ ನೋಡುತ್ತ ಪ್ರತಿ ಸಲವೂ ‘ರೊಟ್ಟಿ ತಿನ್ನಿದ್ನಿ’ ಎಂದೇ ಹೇಳಿ, ಕೊನೆಗೆ ಅಜ್ಜಿಯ ಸೆರಗಿನ ಹಿಂದೆ ಸರಿದು ಬಾಯಿ ಮುಚ್ಚಿಕೊಂಡಳು. ಅಜ್ಜಿ ಮಾತ್ರ, “ಹೌದನವ್ವಾ, ರೊಟ್ಟಿ ತಿಂದ್ಯಾ? ಯಾತರ ಜೋಡಿ ತಿಂದಿ?” ಎಂದರು. “ಶೇಂಗಾ ಹಿಂಡಿ” ಎಂದು ಸೆರಗಿನೊಳಗಿಂದಲೇ ಉತ್ತರ ಬಂತು. ಸರಿಯಾದ ರೂಪ ಮಗುವಿನ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ನಾವು ಪಾಲಕರಿಗೆ ಹೇಳಿಕೊಡುವ ಕ್ರಮವೂ ಇದೇ. ಎರಡೂ ರೂಪಗಳು ಕೆಲವು ಕಾಲ ಒಟ್ಟಿಗೇ ಬರುತ್ತಿರಬಹುದು, ಅದಕ್ಕೆ ಗಾಬರಿ ಬೇಡ.

ಬೆಳಗಾವಿ ಕಡೆಯ ಮನೆಗಳಲ್ಲಿ ಇಂಥ ತಪ್ಪುಗಳಿಗೆ ಮರಾಠಿಯನ್ನು ದೂರುವುದೂ ಸರಿಯಲ್ಲ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ದೋಷ ಹುಟ್ಟುವುದಿಲ್ಲ.

ಆದರೆ ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸಿ ಮಾತಾಡದ, ಆಡುತ್ತಿದ್ದ ಮಾತನ್ನೇ ನಿಲ್ಲಿಸಿಬಿಟ್ಟ, ಹಿಂದಿನಿಂದ ಕರೆದರೆ ತಿರುಗದ ಅಥವಾ ಪದೇ ಪದೇ ಕಿವಿ ಸೋರುವ ಮಗುವಿನ ಸಂಗತಿ ಬೇರೆ. ಅಂಥ ಮಗುವನ್ನು ‘ದೊಡ್ಡಾದ ಮ್ಯಾಲೆ ಸರಿ ಹೋಗ್ತದ’ ಎಂದು ಮನೆಯಲ್ಲಿ ಇಟ್ಟುಕೊಳ್ಳದೆ, ಮೊದಲು ಶ್ರವಣ ಪರೀಕ್ಷೆ ಮಾಡಿಸಬೇಕು.